ಕಳ್ಳಿಗೊಂದು ಸಿಮೆಂಟ್ ಕಂಬ

ಜಟಿಂಗ ರಾಮೇಶ್ವರ ಬೆಟ್ಟದ ಸುತ್ತಮುತ್ತ ಹುಟ್ಟಿದವರಿಗೆ ಕಳ್ಳಿ ಬೆಳೆಸುವುದು ಹೇಗೆಂದು ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಈಗ ಯೂಟ್ಯೂಬಿನಲ್ಲಿ ದಿನಾ ಹೇಳುತ್ತಿದ್ದಾರೆ. ಸಿಮೆಂಟ್ ಕಂಬ ನೆಡಿ, ಅದರ ನೆತ್ತಿಗೆ ಹಳೇ ಟೈರು ಕೂರಿಸಿ, ಬುಡಕ್ಕೆ ಸಸಿ ಕಟ್ಟಿ, ಡ್ರಿಪ್ ಬಿಡಿ, ಚಾನೆಲ್ಲಿಗೆ ಸಬ್‌ಸ್ಕ್ರೈಬ್ ಆಗಿ. ಡ್ರ್ಯಾಗನ್ ಫ್ರೂಟ್ ಎಂಬ ಈ ಕಳ್ಳಿಗೆ ನಮ್ಮ ಮೊಳಕಾಲ್ಮುರಿನಲ್ಲಿ ಸಿಗುವ ಮರ್ಯಾದೆ ಮನೆ ಅಳಿಯನಿಗೂ ಸಿಗುವುದಿಲ್ಲ.

ಅದೇ ಹೊಲದ ಬದುವಿನಲ್ಲಿ ಪಾಪಾಸುಕಳ್ಳಿ ನಿಂತಿರುತ್ತದೆ. ಕಂಬವಿಲ್ಲ, ಟೈರಿಲ್ಲ, ಡ್ರಿಪ್ ಇಲ್ಲ. ಎರಡೂ ಒಂದೇ ಕುಟುಂಬದವು, ಎರಡರ ತವರೂ ಅಮೆರಿಕ ಖಂಡ. ಬದುವಿನ ಕಳ್ಳಿಯ ಕೆಂಪು ಹಣ್ಣನ್ನು ಮಣ್ಣಿನಲ್ಲಿ ಹೊರಳಾಡಿಸಿ, ನವಿರುಮುಳ್ಳು ಉಜ್ಜಿ ತಿಂದು, ನಾಲಿಗೆ ಕೆಂಪಾಗಿಸಿಕೊಂಡು ಮನೆಗೆ ಬಂದ ಮಕ್ಕಳಿಗೆ ಹಿಂದೆ ಬೀಳುತ್ತಿದ್ದುದು ಬೆನ್ನ ಮೇಲೆ ಗುದ್ದು. ಈಗ ಡ್ರ್ಯಾಗನ್ ತಿಂದು ನಾಲಿಗೆ ಕೆಂಪಾದರೆ ಅದರ ಫೋಟೋ ಸ್ಟೇಟಸ್ಸಿಗೆ ಹೋಗುತ್ತದೆ. ಮರುದಿನ ಬೆಳಿಗ್ಗೆ ಮೂತ್ರವೂ ಕೆಂಪಾದಾಗ ಮಾತ್ರ ಆಸ್ಪತ್ರೆಗೆ ಓಡುತ್ತಾರೆ. ಅದು ಹಣ್ಣಿನದೇ ಬಣ್ಣ, ಹೆದರಬೇಡಿ ಎಂದು ಹೇಳುವುದಕ್ಕೂ ಡಾಕ್ಟರಿಗೆ ಫೀಸು ಕೊಡಬೇಕು.

ಕಳ್ಳಿಯ ವಿಷಯದಲ್ಲಿ ಮೋಸ ಹೋದವರಲ್ಲಿ ನಾವೇ ಮೊದಲಿಗರಲ್ಲ. 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಕಳ್ಳಿಯ ಮೇಲೆ ಸಾಕಿ ಕೆಂಪು ಬಣ್ಣ ತೆಗೆಯಲು ಬ್ರೆಜಿಲಿನಿಂದ ಹುಳು ತರಿಸಿದರು. ಬಂದದ್ದು ಬೇರೆ ಜಾತಿಯ ಹುಳು. ಬೇಕಾದ ಬಣ್ಣ ಸಿಗಲಿಲ್ಲ, ಹುಳು ಮಾತ್ರ ಒಂದು ಜಾತಿಯ ಕಳ್ಳಿಯನ್ನೇ ಮೇಯ್ದು ಮುಗಿಸಿತು. ನರ್ಸರಿಯವರು ಹೇಳಿದ ತಳಿ ಒಂದು, ಕೊಟ್ಟ ತಳಿ ಇನ್ನೊಂದು ಎಂಬ ದೂರಿಗೆ ಇನ್ನೂರು ವರ್ಷ ದಾಟಿದೆ.

ಎಕರೆಗಟ್ಟಲೆ ಡ್ರ್ಯಾಗನ್ ಹಾಕಿ ನಾಲ್ಕು ಕಾಸು ನೋಡುತ್ತಿರುವ ರೈತನ ತಂಟೆ ನನಗೆ ಬೇಡ. ದಾಳಿಂಬೆ ನಂಬಿ, ದುಂಡಾಣು ಅಂಗಮಾರಿಗೆ ತೋಟ ಕೊಟ್ಟು ಕುಳಿತ ಸೀಮೆಯಿದು. ಬದುಕಲು ಅವನು ಯಾವ ಕಳ್ಳಿಯನ್ನಾದರೂ ಹಿಡಿದುಕೊಳ್ಳಲಿ. ಡ್ರ್ಯಾಗನ್ ಹೂವು ಅರಳುವುದು ರಾತ್ರಿ. ಅದರ ತವರಿನಲ್ಲಿ ಬಾವಲಿ, ಪತಂಗಗಳು ಮಾಡುವ ಪರಾಗದ ಕೆಲಸವನ್ನು ಕೆಲವು ತಳಿಗಳಿಗೆ ಇಲ್ಲಿ ಮನುಷ್ಯರೇ ಬ್ರಶ್ ಹಿಡಿದು ಮಾಡಬೇಕು. ತ್ರೀ ಫೇಸ್ ಕರೆಂಟಿಗಾಗಿ ನಿದ್ದೆಗೆಟ್ಟವನಿಗೆ ಇದು ಇನ್ನೊಂದು ನೈಟ್ ಡ್ಯೂಟಿ, ಅಷ್ಟೆ.

ನನ್ನ ತಕರಾರು ತಾರಸಿಯ ಮೇಲಿನ ರೈತರ ಬಗ್ಗೆ. ವರ್ಷಕ್ಕೆ ಐನೂರು ಮಿಲಿಮೀಟರ್ ಮಳೆ ಬಿದ್ದರೆ ಪುಣ್ಯ ಎನ್ನುವ ಊರಿನಲ್ಲಿ ಇವರಿಗೆ ರಂಬುಟಾನ್ ಬೇಕು, ಮ್ಯಾಂಗೊಸ್ಟೀನ್ ಬೇಕು, ಬೆಣ್ಣೆಹಣ್ಣು ಬೇಕು. ಬೆಣ್ಣೆಹಣ್ಣು, ರಂಬುಟಾನ್‌ಗಳಿಗೆ ತಳಿ ಕೊಟ್ಟದ್ದು ಕೊಡಗಿನ ಚೆಟ್ಟಳ್ಳಿಯ ಸಂಶೋಧನಾ ಕೇಂದ್ರ. ಅಲ್ಲಿ ಮೋಡ ಅಂಗಳಕ್ಕೆ ಬಂದು ಕೂರುತ್ತದೆ. ಇಲ್ಲಿ ಮೋಡ ಬಂದರೆ ಜನ ಹೊರಗೆ ಬಂದು ನೋಡುತ್ತಾರೆ.

ಪರಿಚಯದ ನಿವೃತ್ತ ಮೇಷ್ಟ್ರೊಬ್ಬರ ತಾರಸಿಯಲ್ಲಿ, ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮಿನೊಳಗೆ ಒಂದು ಬೆಣ್ಣೆಹಣ್ಣಿನ ಗಿಡ ಇದೆ. ಇರುವ ಎಲೆಗಳ ತುದಿಯೆಲ್ಲ ಕಂದು. ಮೇಲೆ ಹಸಿರು ನೆಟ್, ಪಕ್ಕದಲ್ಲಿ ಇಪ್ಪತ್ತು ಲೀಟರಿನ ಕ್ಯಾನು.

‘ಮೇಷ್ಟ್ರೇ, ಗಿಡಕ್ಕೆ ಫಿಲ್ಟರ್ ನೀರಾ?’

‘ಬೋರಿನ ನೀರು ಹಾಕಿದ್ರೆ ತುದಿ ಸುಡ್ತತಪ್ಪ. ಲವಣ ಜಾಸ್ತಿ.’

‘ಮತ್ತೆ ನೀವು ಕುಡಿಯೋದು?’

‘ನಮಗೇನು, ಅಭ್ಯಾಸ ಆಗೈತೆ.’

ಬಟ್ಟೆ ಒಣಹಾಕುತ್ತಿದ್ದ ಮೇಷ್ಟ್ರ ಮನೆಯವರು ತಿರುಗಿಯೂ ನೋಡದೆ ಹೇಳಿದರು: ‘ಆ ನೀರು ಕೊಟ್ಟಿದ್ರೆ ನನ್ನ ತೊಗರಿಬೇಳೆ ಆದ್ರೂ ಬೇಯ್ತಿತ್ತು.’

ಫ್ಲೋರೈಡ್ ನೀರಿಗೆ ಹೆಸರಾದ ತಾಲ್ಲೂಕು ನಮ್ಮದು. ಶುದ್ಧ ನೀರಿನ ಘಟಕದ ಮುಂದೆ ಬಿಂದಿಗೆ ಹಿಡಿದು ನಿಂತ ಸಾಲಿನಲ್ಲಿ ಈಗ ಮೆಕ್ಸಿಕೋ ಮೂಲದ ಗಿಡವೊಂದೂ ನಿಂತಿದೆ.

ಪರದೇಶದ ಗಿಡ ಬೇಡವೆಂಬ ವಾದ ನನ್ನದಲ್ಲ. ಹಾಗೆಂದರೆ ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆಲ್ಲ ಬೀಗ ಹಾಕಬೇಕಾಗುತ್ತದೆ. ಶೇಂಗಾ ದಕ್ಷಿಣ ಅಮೆರಿಕದಿಂದ ಬಂದದ್ದು. ಸೀಬೆ, ಪಪ್ಪಾಯಿ, ಸಪೋಟ ಎಲ್ಲವೂ ಹಡಗಿನಲ್ಲಿ ಬಂದಿಳಿದವೇ. ಸೀತಾಫಲದ ಧೈರ್ಯ ಇನ್ನೂ ದೊಡ್ಡದು. ಅಮೆರಿಕದಿಂದ ಬಂದು, ಸೀತೆಯ ಹೆಸರು ಇಟ್ಟುಕೊಂಡು, ಸೀತೆಗಾಗಿ ಹೋರಾಡಿದ ಜಟಾಯು ಬಿದ್ದನೆನ್ನುವ ಸೀಮೆಯ ಗುಡ್ಡಗಳಲ್ಲೇ ಖಾತೆ ಮಾಡಿಸಿಕೊಂಡಿದೆ. ಯಾರೂ ನೀರು ಹಾಕಲಿಲ್ಲ, ಯಾರೂ ಸಬ್ಸಿಡಿ ಕೊಡಲಿಲ್ಲ. ಆದ್ದರಿಂದಲೇ ಅದಕ್ಕೆ ಬೆಲೆಯಿಲ್ಲ. ರಸ್ತೆಬದಿ ಪುಟ್ಟಿ ಇಟ್ಟುಕೊಂಡ ಹೆಂಗಸಿನ ಹತ್ತಿರ ಕಾರು ನಿಲ್ಲಿಸಿ ಹತ್ತು ರೂಪಾಯಿಗೆ ಚೌಕಾಸಿ ಮಾಡುವವನೇ ಬಳ್ಳಾರಿಗೆ ಹೋಗಿ ಸ್ಟಿಕರ್ ಅಂಟಿಸಿದ ಕಿವಿ ಹಣ್ಣನ್ನು ಹೇಳಿದ ರೇಟಿಗೆ ತರುತ್ತಾನೆ. ಮನೆಯಲ್ಲಿ ಯಾರಿಗಾದರೂ ಡೆಂಗಿ ಬಂದಿದ್ದರಂತೂ ರೇಟನ್ನೂ ಕೇಳುವುದಿಲ್ಲ.

ಸೀತಾಫಲ ಸಾಕೆನಿಸಿದವರಿಗಾಗಿ ನರ್ಸರಿಗಳು ಅದರ ಮೈದುನನನ್ನು ಕರೆತಂದಿವೆ: ಲಕ್ಷ್ಮಣಫಲ. ಕ್ಯಾನ್ಸರ್ ವಾಸಿಯಾಗುತ್ತದೆ ಎಂಬ ವಾಟ್ಸಪ್ ಸರ್ಟಿಫಿಕೇಟೂ ಜೊತೆಗಿದೆ. ರಾಮಫಲ ಮೊದಲೇ ಇತ್ತು, ಹನುಮಫಲವೂ ಬಂದಾಯಿತು. ರಾವಣಫಲ ಬರುವುದೊಂದು ಬಾಕಿ. ಬಂದರೆ ಹತ್ತು ತಲೆಗೂ ಬೇರೆ ಬೇರೆ ರೇಟು.

ಬಾರೆಹಣ್ಣಿನ ಕಥೆ ನೋಡಿ. ಚಳ್ಳಕೆರೆ ತಾಲ್ಲೂಕಿನ ಕ್ಯಾತೇದೇವರ ಜಾತ್ರೆಯಲ್ಲಿ ಕಾಡುಗೊಲ್ಲರು ಬಾರೆಮುಳ್ಳಿನಿಂದಲೇ ಗುಡಿ ಕಟ್ಟಿ, ಬರಿಗಾಲಲ್ಲಿ ಅದರ ಮೇಲೇರಿ ಕಳಸ ಇಳಿಸುತ್ತಾರೆ. ದೇವರಿಗೆ ಬೇಕಾದ ಆ ಮರ ಜನರಿಗೆ ಬೇಡವಾಗಿತ್ತು. ಅದರ ಹಣ್ಣನ್ನೇ ದಪ್ಪ ಮಾಡಿ, ಥಾಯ್ ಆಪಲ್ ಬೇರ್ ಎಂದು ಬಾಕ್ಸಿನಲ್ಲಿಟ್ಟು ತಂದ ಮೇಲೆ ಬೇಕಾಯಿತು.

ಪರದೇಶದ ಗಿಡ ತರಿಸುವುದು ಹೊಸ ಹುಚ್ಚೂ ಅಲ್ಲ. ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನವಿದೆ. ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದ್ದು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದುದರಿಂದ ಆ ಬಂಡೆಗೆ ಬಳೆಗಾರನ ಗುಂಡು ಎಂದೇ ಹೆಸರು. ತಂದೆತಾಯಿಯ ಮಾತು ಕೇಳಿ, ಜೀವಿಗಳಿಗೆ ದಯೆ ತೋರಿ, ಸತ್ಯ ಹೇಳಿ ಎನ್ನುವ ಶಾಸನ ಅದು. ಹಣ್ಣಿನ ವಿಷಯವನ್ನು ಅದೇ ಅಶೋಕ ಗಿರ್ನಾರ್ ಮೊದಲಾದೆಡೆ ಎರಡನೇ ಬಂಡೆ ಶಾಸನದಲ್ಲಿ ಕೆತ್ತಿಸಿದ್ದಾನೆ: ಎಲ್ಲಿ ಮೂಲಿಕೆ, ಬೇರು, ಹಣ್ಣು ಇರಲಿಲ್ಲವೋ ಅಲ್ಲಿಗೆ ತರಿಸಿ ನೆಡಿಸಿದೆ, ದಾರಿಯುದ್ದಕ್ಕೂ ಮರ ಬೆಳೆಸಿದೆ, ಮನುಷ್ಯರಿಗೂ ಪ್ರಾಣಿಗಳಿಗೂ. ಚಕ್ರವರ್ತಿ ತರಿಸಿ ದಾರಿಗೆ ಹಾಕಿದ. ನಾವು ತರಿಸಿ ಕಾಂಪೌಂಡಿನೊಳಗೆ ಹಾಕಿ, ಸಿಸಿ ಕ್ಯಾಮೆರಾ ಇಡುತ್ತೇವೆ. ಮೂರು ಕಾಯಿ ಬಿಟ್ಟರೆ ಅದಕ್ಕೆ ಬಟ್ಟೆ ಕಟ್ಟುತ್ತೇವೆ, ಅಳಿಲಿಗೆ ದಕ್ಕಬಾರದು ಎಂದು.

ನಮ್ಮ ಭಾಗದಲ್ಲಿ ಹಣ್ಣಿನ ರುಚಿ ಬಲ್ಲವರೆಂದರೆ ಕರಡಿಗಳು ಮಾತ್ರ. ಸೀತಾಫಲ ಹಣ್ಣಾದ ದಿನ ಅವಕ್ಕೆ ಗೊತ್ತು, ಕಾರೆ ಎಲ್ಲಿದೆ, ಬಾರೆ ಎಲ್ಲಿದೆ ಗೊತ್ತು. ನಮ್ಮ ಮಕ್ಕಳಿಗೆ ಡ್ರ್ಯಾಗನ್ ಗೊತ್ತು, ಕಾರೆ ಗೊತ್ತಿಲ್ಲ. ಗುಡ್ಡದ ಕಾರೆಹಣ್ಣೇ ಇನ್ನು ಇವರ ಪಾಲಿಗೆ ಪರದೇಶಿ.

ಹಾಗಾಗಿ ನನ್ನದೊಂದು ಸಲಹೆ. ಕಾರೆಹಣ್ಣನ್ನು ಪಾರದರ್ಶಕ ಡಬ್ಬಿಗೆ ತುಂಬಿ, ಆರಕ್ಕೆ ಇನ್ನೂರು ರೂಪಾಯಿ ಎಂದು ಸ್ಟಿಕರ್ ಅಂಟಿಸಿ. ‘ಪ್ಲೇಟ್‌ಲೆಟ್ ಏರುತ್ತದೆ, ಮನೆಯಲ್ಲಿ ಬೆಳೆಸುವುದು ಬಹಳ ಕಷ್ಟ’ ಎಂದು ಒಂದು ವಿಡಿಯೋ ಹರಿಯಬಿಡಿ. ಎರಡೇ ವರ್ಷದಲ್ಲಿ ಸಬ್ಸಿಡಿ ಮಂಜೂರಾಗುತ್ತದೆ. ಪುಕ್ಕಟೆ ಬೆಳೆದ ಕಾರೆಗಿಡಗಳನ್ನು ಜೆಸಿಬಿಯಲ್ಲಿ ಕಿತ್ತು, ಆ ಜಾಗದಲ್ಲಿ ಸಿಮೆಂಟ್ ಕಂಬ ನೆಟ್ಟು ಕಾರೆ ಬೆಳೆಸಲು.