ಒಂದೇ ಮೇಜು, ಮೂರು ತರಗತಿ

ಅಮೆರಿಕದ 50 ರಾಜ್ಯಗಳಲ್ಲೂ ಹೋಮ್‌ಸ್ಕೂಲಿಂಗ್‌ಗೆ ಕಾನೂನಿನ ಒಪ್ಪಿಗೆಯಿದೆ. ಒಮ್ಮತ ಇಲ್ಲದಿರುವುದು ಮನೆಯೊಳಗೆ: ಆರು ವರ್ಷದ ತಮ್ಮನಿಗೆ ಪಿರಮಿಡ್ಡು ಬೇಕು, ಹತ್ತರ ಅಕ್ಕನಿಗೆ ನೆಪೋಲಿಯನ್, ಹದಿನಾಲ್ಕರ ಅಣ್ಣನಿಗೆ ತಿಂಡಿ.

ಈ ಪಂಚಾಯ್ತಿಗೆ ಜೆಸ್ಸಿ ವೈಸ್ ಮತ್ತು ಮಗಳು ಸೂಸನ್ ವೈಸ್ ಬಾಯರ್ 1999ರಲ್ಲಿ ‘ದಿ ವೆಲ್-ಟ್ರೇನ್ಡ್ ಮೈಂಡ್’ ಬರೆದು ತೀರ್ಪಿತ್ತರು. ಪ್ರಾಚೀನ ಕಾಲದಿಂದ ಇಂದಿನವರೆಗಿನ ಇತಿಹಾಸಕ್ಕೆ ನಾಲ್ಕು ವರ್ಷದ ಸುತ್ತು. 12 ವರ್ಷಕ್ಕೆ ಮೂರು ಸುತ್ತು. ಹೀಗಾಗಿ ಮನೆಮಕ್ಕಳೆಲ್ಲ ಒಂದೇ ಕಾಲಘಟ್ಟ ಓದಬಹುದು: ಚಿಕ್ಕವನಿಗೆ ಕಥೆ, ನಡುವಿನವಳಿಗೆ ಕಾಲರೇಖೆ, ದೊಡ್ಡವನಿಗೆ ಮೂಲಗ್ರಂಥ.

ಬಾಯರ್ ಅವರದೇ ಇತಿಹಾಸ ಪಠ್ಯ ‘ದಿ ಸ್ಟೋರಿ ಆಫ್ ದಿ ವರ್ಲ್ಡ್’ ನಾಲ್ಕು ಸಂಪುಟ. ಮೊದಲನೆಯದರ ಚಟುವಟಿಕೆ ಪುಸ್ತಕದಲ್ಲಿ ಕೋಳಿಗೆ ಉಪ್ಪು ತುಂಬಿ ಈಜಿಪ್ಟಿನ ಮಮ್ಮಿ ಮಾಡುವ ಪಾಠವೂ ಇದೆ!

ಪಠ್ಯ ಆರಿಸುವವರು ಬೆಲೆಯನ್ನಷ್ಟೇ ನೋಡಿದರೆ ಸಾಲದು. ವಾರಗಟ್ಟಲೆ ಒಣಗುವ ಕೋಳಿಯನ್ನಿಡಲು ಮನೆಯಲ್ಲಿ ಜಾಗವಿದೆಯೇ ಎಂದೂ ನೋಡಿಕೊಳ್ಳಲಿ.