ನನ್ನ ಕೆವೈಸಿ

ರೈಲ್ವೆಯವರು ಒಂದು ಊರಿನ ಹೆಸರಿನ ಜೊತೆಗೆ ‘ರೋಡ್’ ಎಂದು ಬರೆದಿದ್ದಾರೆಂದರೆ ಊರು ಅಲ್ಲಿಲ್ಲ, ಇನ್ನೂ ದಾರಿ ಸವೆಸಬೇಕು ಎಂದೇ ತಿಳಿಯಬೇಕು. ಬಾದಾಮಿ ದಾಟಿದ ಮೇಲೆ ಸಿಗುವ ‘ಗುಳೇದಗುಡ್ಡ ರೋಡ್’ ನಿಲ್ದಾಣದಲ್ಲಿ ಎರಡು ಬ್ಯಾಗು, ಒಂದು ಕುಕ್ಕರು, ಅಮ್ಮ ಕಟ್ಟಿಕೊಟ್ಟ ಕುಚ್ಚಲಕ್ಕಿಯ ಚೀಲ ಇಷ್ಟನ್ನೂ ಹಿಡಿದುಕೊಂಡು ಇಳಿದವಳಿಗೆ ಸುತ್ತ ಕಂಡದ್ದು ಬಿಸಿಲು ಮಾತ್ರ. ಟಂಟಂ ಗಾಡಿಯವನು ಕುಕ್ಕರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, “ಬ್ಯಾಂಕಿಗೆ ಬಂದೀರೇನ್ರಿ?” ಎಂದ.

ಹೇಗೆ ಗೊತ್ತಾಯಿತು ಎಂದು ಕೇಳಿದೆ.

“ಕುಕ್ಕರ್ ಹಿಡಕೊಂಡ ಇಳಿಯಾವ್ರು ಒಂದ ಸಾಲಿ ಟೀಚರು, ಇಲ್ಲಂದ್ರ ಬ್ಯಾಂಕಿನವ್ರು. ಟೀಚರಾದ್ರ ಚೀಲಾ ಹೊರಾಕ ಗಂಡನ್ನ ಕರಕೊಂಡ ಬರ್ತಾರ್ರಿ.”

ನನ್ನ ಉದ್ಯೋಗ, ವೈವಾಹಿಕ ಸ್ಥಿತಿ ಎರಡೂ ಹೀಗೆ ಊರು ಮುಟ್ಟುವ ಮೊದಲೇ ದಾಖಲಾದವು.

ಬ್ಯಾಂಕಿಗೆ ಹೊಸದಾಗಿ ಸೇರಿದವರಿಗೆ ತರಬೇತಿಯಲ್ಲಿ ಊಟ ಬಿಟ್ಟರೆ ಅತಿ ಹೆಚ್ಚು ಸಲ ಬಡಿಸುವುದು ಕೆವೈಸಿಯನ್ನು. ಗ್ರಾಹಕರು ಯಾರು, ಎಲ್ಲಿಯವರು, ಅವರ ದುಡ್ಡು ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಳ್ಳದೆ ಖಾತೆ ತೆರೆಯಬೇಡಿ ಎಂದು ರಿಸರ್ವ್ ಬ್ಯಾಂಕು 2002ರಿಂದ ಹೇಳುತ್ತ ಬಂದಿದೆ. ಪಾಸ್‌ಪೋರ್ಟು, ಡ್ರೈವಿಂಗ್ ಲೈಸೆನ್ಸು, ಆಧಾರು, ವೋಟರ್ ಕಾರ್ಡು, ಉದ್ಯೋಗ ಖಾತರಿಯ ಜಾಬ್ ಕಾರ್ಡು ಎಂದು ಒಪ್ಪಬಹುದಾದ ಕಾಗದಗಳ ಪಟ್ಟಿಯೇ ಇದೆ. ಖಾತೆ ತೆರೆದ ಮೇಲೂ ಬಿಡುವಂತಿಲ್ಲ. ಗ್ರಾಹಕರನ್ನು ಹೆಚ್ಚು, ಮಧ್ಯಮ, ಕಡಿಮೆ ಅಪಾಯದವರು ಎಂದು ಮೂರು ಬಗೆ ಮಾಡಿ, ಮೊದಲಿನವರನ್ನು 2 ವರ್ಷಕ್ಕೊಮ್ಮೆ, ಮಧ್ಯದವರನ್ನು 8 ವರ್ಷಕ್ಕೊಮ್ಮೆ, ಪಾಪದವರನ್ನು 10 ವರ್ಷಕ್ಕೊಮ್ಮೆ ಮತ್ತೆ ವಿಚಾರಿಸಬೇಕು. ಇದನ್ನೆಲ್ಲ ಬಾಯಿಪಾಠ ಮಾಡಿಕೊಂಡೇ ನಾನು ಬಂದಿದ್ದೆ. ಗ್ರಾಹಕರು ಬ್ಯಾಂಕಿನವರ ಕೆವೈಸಿ ಮಾಡುತ್ತಾರೆ ಎಂಬ ಬಗ್ಗೆ ಮಾತ್ರ ಆ ತರಬೇತಿಯಲ್ಲಿ ಒಂದು ಸ್ಲೈಡೂ ಇರಲಿಲ್ಲ.

ಕೌಂಟರಿನಲ್ಲಿ ಕೂತ ಕೂಡಲೇ ಶುರುವಾಯಿತು.

“ಹೊಸಬ್ರೇನ್ರಿ ಬಾಯಾರ? ಯಾವೂರ್ರಿ?”

“ಕುಂದಾಪುರ.”

“ಉಡುಪಿ ಕಡಿ ಅಲ್ರಿ? ಹೋಟೆಲ್ ಐತೇನ್ರಿ ನಿಮ್ದು?”

“ಇಲ್ಲ.”

“ಮತ್ತ?”

ಆ ‘ಮತ್ತ’ದಲ್ಲಿ ನಿಜವಾದ ಕಳವಳವಿತ್ತು. ಕರಾವಳಿಯವರೆಂದರೆ ಒಂದೋ ಹೋಟೆಲ್, ಇಲ್ಲವೇ ಬ್ಯಾಂಕು. ನಮ್ಮ ಮನೆಯಲ್ಲಿ ಹೋಟೆಲಿಲ್ಲ ಎಂದ ಮೇಲೆ ನಮ್ಮಪ್ಪನೂ ಬ್ಯಾಂಕಿನಲ್ಲೇ ಇರಬೇಕು. ಅವರು ಅಡಿಕೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ ಎಂದಾಗ ಕೇಳಿದವರಿಗೆ ಅಷ್ಟು ಸಮಾಧಾನವಾಗಲಿಲ್ಲ. ಜನರ ತಪ್ಪೆನ್ನುವಂತಿಲ್ಲ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಒಂದು ಬ್ಯಾಂಕಿಗೆ ಬುನಾದಿ ಹಾಕಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಇನ್ನೊಂದಕ್ಕೆ. 1925ರಲ್ಲಿ ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ಮೂರು ವರ್ಷ ಕಳೆಯುವುದರೊಳಗೆ ದಿನಕ್ಕೆ ಎರಡಾಣೆಯ ಪಿಗ್ಮಿ ಕಟ್ಟಿಸಿಕೊಳ್ಳಲು ಮನೆಬಾಗಿಲಿಗೇ ಜನ ಕಳಿಸಿತು. 1931ರಲ್ಲಿ ವಿಜಯಾ. ಆಗಿನ ಒಂದೇ ಜಿಲ್ಲೆ ಇಷ್ಟೊಂದು ಬ್ಯಾಂಕು ಹೆತ್ತ ಮೇಲೆ ಅಲ್ಲಿಯವಳು ಕೌಂಟರಿನ ಹಿಂದೆ ಹುಟ್ಟಿರಬಹುದೆಂದು ಗುಳೇದಗುಡ್ಡದವರು ಭಾವಿಸಿದರೆ ಆಶ್ಚರ್ಯವೇನು?

ಹಣದ ಕಟ್ಟು ಎಣಿಸುವ ಯಂತ್ರದ ಸದ್ದಿನ ನಡುವೆ ವಿಚಾರಣೆ ಮುಂದುವರಿಯಿತು. ಪಗಾರ ಎಷ್ಟು? ಹಿಡಿದುಕೊಂಡು ಕೈಗೆ ಎಷ್ಟು? ಅಣ್ಣ ತಮ್ಮ ಏನು ಮಾಡುತ್ತಾರೆ? ಮನೆ ಯಾರದು ಹಿಡಿದೀರಿ, ಎಷ್ಟು ಬಾಡಿಗೆ? ಬಾಡಿಗೆ ಹೇಳಿದಾಗ ಸಾಲಿನಲ್ಲಿದ್ದ ನಾಲ್ಕು ಮಂದಿ ಒಟ್ಟಿಗೆ “ಭಾಳಾತ್ರಿ” ಎಂದರು. ಸಾಲಿನ ಕೊನೆಯಲ್ಲಿದ್ದವರು ನಮ್ಮ ಮನೆಯ ಮಾಲೀಕರ ಭಾವ. ಆ ತಿಂಗಳಿಂದಲೇ ಬಾಡಿಗೆ ಇನ್ನೂರು ರೂಪಾಯಿ ಇಳಿಯಿತು. ಯಾವ ಲೋಕ ಅದಾಲತ್ತಿನಲ್ಲೂ ಇಷ್ಟು ಬೇಗ ನ್ಯಾಯ ಸಿಕ್ಕಿದ್ದು ನಾನು ಕಂಡಿಲ್ಲ.

ಆ ಮನೆಯ ಮುಂದಿನ ಕೋಣೆಯಲ್ಲಿ ಮಗ್ಗವಿದೆ. ಗುಳೇದಗುಡ್ಡವೆಂದರೆ ಖಣದ ಊರು. ಇಳಕಲ್ ಸೀರೆಗೆ ಇಲ್ಲಿಯ ಖಣದ ಕುಪ್ಪಸವೇ ಆಗಬೇಕು ಎನ್ನುವವರು ಇತ್ತ ಬಯಲುಸೀಮೆಯಲ್ಲೂ ಅತ್ತ ಮಹಾರಾಷ್ಟ್ರದಲ್ಲೂ ಇದ್ದಾರೆ. ನೆಲ ಅಗೆದು ಮಾಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುತ್ತಾರೆ. ಹಾಸು ರೇಷ್ಮೆ, ಹೊಕ್ಕು ಹತ್ತಿ ಎಂಬುದು ಹಳೆಯ ಪದ್ಧತಿ. ಈಗ ಅಗ್ಗದ ನೂಲೂ ಪವರ್‌ಲೂಮೂ ಬಂದು ಕೈಮಗ್ಗದವರು ಕಡಿಮೆಯಾಗಿದ್ದಾರೆ. ಮೊದಲ ರಾತ್ರಿ ಟಕ್ ಟಕ್ ಸದ್ದಿಗೆ ನಿದ್ದೆ ಬರಲಿಲ್ಲ. ಆಮೇಲೆ ಹಬ್ಬಕ್ಕೆ ಊರಿಗೆ ಹೋದಾಗ ಸದ್ದಿಲ್ಲದೆ ನಿದ್ದೆ ಬರಲಿಲ್ಲ. ಅಮ್ಮನಿಗೆ ಅದನ್ನು ಹೇಳಲು ಹೋಗಲಿಲ್ಲ. ಮಾಲೀಕರ ತಾಯಿ ನನ್ನ ರೆಡಿಮೇಡ್ ಕುಪ್ಪಸದ ಬಟ್ಟೆಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ ಬಿಟ್ಟುಬಿಟ್ಟರು. ಏನೂ ಅನ್ನಲಿಲ್ಲ. ಮರುವಾರ ಅಂಚಿಗೆ ಬಣ್ಣದ ಗೆರೆಯಿದ್ದ, ಮೈತುಂಬ ತೇರಿನ ಹೂವಿದ್ದ ಖಣವೊಂದನ್ನು ತಂದುಕೊಟ್ಟು, “ಬ್ಯಾಂಕಿನ್ಯಾಗ ಕುಂದ್ರಾಕಿ ಹಿಂಗ ಕಾಣಬಾರ್ದವಾ” ಎಂದರು. ದುಡ್ಡು ಕೊಡಲು ಹೋದರೆ, “ಹೊಲಸಿದ ಮ್ಯಾಲ ಕೊಡು” ಎಂದರು. ಹೊಲಿಸಿದ ಮೇಲೆ, “ಉಟಗೊಂಡ ಮ್ಯಾಲ” ಎಂದರು. ಈಗ ಉಟ್ಟೂ ಆಗಿದೆ. ಆ ಸಾಲ ನನ್ನ ಲೆಕ್ಕದಲ್ಲಿ ಹಾಗೇ ನಿಂತಿದೆ.

ಶಾಖೆಯಲ್ಲಿ ನನ್ನ ಮೇಲೆ ಹೆಡ್ ಕ್ಯಾಷಿಯರು, ಅವರ ಮೇಲೆ ಆಫೀಸರು, ಎಲ್ಲರ ಮೇಲೆ ಆಂಧ್ರದ ಮ್ಯಾನೇಜರು. ಇದು ಕಾಗದದ ಮೇಲಿನ ಲೆಕ್ಕ. ನಿಜವಾಗಿ ಶಾಖೆ ನಡೆಯುವುದು ದಫ್ತರಿ ಕಾಕಾ ಅವರಿಂದ. ಹಿಂದೆಲ್ಲ ಖಾತೆ ತೆರೆಯಬೇಕಾದರೆ ಹಳೆಯ ಖಾತೆದಾರರೊಬ್ಬರು ‘ಇವರನ್ನು ನಾನು ಬಲ್ಲೆ’ ಎಂದು ಪರಿಚಯದ ಸಹಿ ಹಾಕಬೇಕಿತ್ತಂತೆ. ಬ್ಯಾಂಕು ಆ ಪದ್ಧತಿಯನ್ನು ಕೈಬಿಟ್ಟಿದೆ, ಊರು ಬಿಟ್ಟಿಲ್ಲ. ನನಗೆ ಆ ಸಹಿ ಹಾಕಿದವರು ಕಾಕಾ. “ನಮ್ಮವರ ಅದಾರ, ತಿಳಕೊಂಡ ಮಾತಾಡ್ರಿ” ಎಂದು ಅವರು ಹೇಳಿದ ಮೇಲೆಯೇ ಜನ ನನ್ನ ಕೌಂಟರಿನಲ್ಲಿ ದುಡ್ಡು ಕಟ್ಟಲು ಧೈರ್ಯ ಮಾಡಿದ್ದು. ಅಲ್ಲಿಯವರೆಗೆ ನಾನು ಎಣಿಸಿ ಕೊಟ್ಟ ನೋಟನ್ನು ಪಕ್ಕದ ಕೌಂಟರಿಗೆ ಒಯ್ದು ಇನ್ನೊಮ್ಮೆ ಎಣಿಸಿಕೊಳ್ಳುತ್ತಿದ್ದರು.

ಪಾಸ್‌ಬುಕ್ ಮುದ್ರಿಸುವ ಯಂತ್ರವೂ ಕಾಕಾ ಮಾತನ್ನು ಮಾತ್ರ ಕೇಳುತ್ತದೆ. ನಾನು ಪುಸ್ತಕ ಇಟ್ಟರೆ ನುಂಗಿ, ಯೋಚಿಸಿ, ಖಾಲಿ ಪುಟವನ್ನೇ ಹಿಂದಕ್ಕೆ ಉಗುಳುತ್ತದೆ. ಅವರು ಬಂದು ಬಲಗಡೆ ಒಂದು ಏಟು ಕೊಟ್ಟು, ಪುಟವನ್ನು ಅಂಗೈಯಲ್ಲಿ ಸವರಿ ಇಟ್ಟರೆ ಗರಗರನೆ ಹೊಡೆಯುತ್ತದೆ. ಅದೇ ಜಾಗಕ್ಕೆ ಅದೇ ಏಟನ್ನು ನಾನೂ ಕೊಟ್ಟು ನೋಡಿದ್ದೇನೆ. ಕೆಂಪು ದೀಪ ಹತ್ತಿತು, ಅಷ್ಟೇ. ಯಜಮಾನಿಯರಿಗೆ ತಿಂಗಳಿಗೆ 2000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್‌ನಲ್ಲಿ ಶುರುವಾದ ಮೇಲೆ ಇಂಥ ಶಾಖೆಗಳಲ್ಲಿ ಈ ಯಂತ್ರದ ಮುಂದಿನ ಸಾಲು ಕ್ಯಾಷ್ ಕೌಂಟರಿನ ಸಾಲಿಗಿಂತ ಉದ್ದ. ಫೋನಿಗೆ ಮೆಸೇಜು ಬಂದಿರುತ್ತದೆ. ಮಗಳು ಓದಿ ಹೇಳಿರುತ್ತಾಳೆ. ಆದರೂ “ಎಂಟ್ರಿ ಹಾಕ್ಕೊಡ್ರಿ” ಎಂದು ಬರುತ್ತಾರೆ. ಗಾಳಿಯಲ್ಲಿ ಬಂದ ಸುದ್ದಿಗಿಂತ ಕಾಗದದ ಮೇಲೆ ಬಿದ್ದ ಮಸಿಯನ್ನು ನಂಬುವ ಈ ಹೆಂಗಸರ ಪಕ್ಷ ನನ್ನದು. ಬ್ಯಾಂಕಿನ ಮೊಬೈಲ್ ಆ್ಯಪ್ ಇಳಿಸಿಕೊಳ್ಳಿ ಎಂದು ಅವರಿಗೆ ಹೇಳಬೇಕೆಂಬ ಆದೇಶವಿದೆ, ಹೇಳುತ್ತೇನೆ. “ಆಗಲಿ ತಗೋರಿ, ಮೊದಲ ಎಂಟ್ರಿ ಹಾಕ್ರಿ” ಎನ್ನುತ್ತಾರೆ.

ಮಧ್ಯಾಹ್ನದ ಊಟದಲ್ಲಿ ಇನ್ನೊಂದು ಸುತ್ತಿನ ಪರಿಶೀಲನೆ. ಕಟಕ ರೊಟ್ಟಿ ಎಂಬುದನ್ನು ಹೇಗೆ ತಿನ್ನಬೇಕೆಂದು ನನಗೆ ಗೊತ್ತಿರಲಿಲ್ಲ. ಗಂಜಿಗೆ ಹಲ್ಲು ಬೇಕಾಗಿಲ್ಲದ ನಾಡಿನಿಂದ ಬಂದವಳು. ಮುರಿದರೆ ಚೂರು ಹೆಡ್ ಕ್ಯಾಷಿಯರ ಕನ್ನಡಕದ ಮೇಲೆ ಹೋಗಿ ಕೂತಿತು. ಎಣ್ಣೆಗಾಯಿ, ಕೆಂಪು ಖಾರ, ಶೇಂಗಾ ಹಿಂಡಿ, ಅದರ ಮೇಲೆ ಮೊಸರು ಎಂದು ಎಲ್ಲರ ಡಬ್ಬಿಯಿಂದಲೂ ನನ್ನ ತಟ್ಟೆಗೆ ಬಿತ್ತು. ಕಣ್ಣಲ್ಲಿ ನೀರು ಸುರಿಸುತ್ತ ಎರಡು ರೊಟ್ಟಿ ತಿಂದೆ. ಮರುದಿನ ಗೊಬ್ಬರದ ಅಂಗಡಿಯ ಸಾಹುಕಾರರು ದುಡ್ಡು ಕಟ್ಟುತ್ತ, “ನಿನ್ನಿ ಎರಡ ರೊಟ್ಟಿ ಉಂಡ್ರಂತ? ಸಾಲೂದಿಲ್ರಿ, ಇಲ್ಲೀ ಬಿಸಲಿಗೆ ಮೂರರ ಬೇಕು” ಎಂದರು. ಬ್ಯಾಂಕಿನ ತಿಜೋರಿಗೆ ಎರಡು ಕೀಲಿ. ಇಬ್ಬರ ಹತ್ತಿರ ಒಂದೊಂದು, ಒಬ್ಬರಿಂದಲೇ ತೆರೆಯಲಾಗದು. ಊಟದ ಕೋಣೆಯ ಬಾಗಿಲಿಗೆ ಚಿಲಕವೂ ಇಲ್ಲ.

ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. 2015ರಿಂದ ಬಂದ ಈ ಏರ್ಪಾಟು ನನಗಿಂತ ಗ್ರಾಹಕರಿಗೇ ಚೆನ್ನಾಗಿ ನೆನಪಿರುತ್ತದೆ. ಅದರ ಹಿಂದಿನ ಶುಕ್ರವಾರ ಮೂರು ಗಂಟೆಯಾಗುತ್ತಲೇ, “ನಿಮ್ಮ ಬಸ್ ತಪ್ಪೀತು, ಲಗೂ ಮುಗಸ್ರಿ” ಎಂದು ಅವಸರ ಮಾಡುತ್ತಾರೆ. ಹಾಗೆಂದು ತಮ್ಮ ಚಲನನ್ನು ವಾಪಸು ತೆಗೆದುಕೊಳ್ಳುವುದಿಲ್ಲ.

ಇಷ್ಟಕ್ಕೆ ನನ್ನ ವಿಚಾರಣೆ ಮುಗಿಯಿತೆಂದುಕೊಂಡಿದ್ದೆ. ಆದರೆ ನವೆಂಬರಿನಲ್ಲಿ ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಕೊಡಲು ಬಂದಾಗ ಗೊತ್ತಾಯಿತು, ನನ್ನ ಕೆವೈಸಿ ಇನ್ನೂ ಪೂರ್ತಿಯಾಗಿಲ್ಲವೆಂದು. ನಿವೃತ್ತ ಗಣಿತದ ಮಾಸ್ತರರೊಬ್ಬರು ಎದುರು ಕೂತರು. ಇಸ್ತ್ರಿ ಮಾಡಿದ ಬಿಳಿ ನೆಹರು ಶರ್ಟು, ಜೇಬಿನಲ್ಲಿ ಎರಡು ಪೆನ್ನು. ನಾನು ಫಾರ್ಮು ತುಂಬಿ, “ಇಲ್ಲಿ ಸಹಿ ಮಾಡಿ ಸರ್” ಎಂದೆ.

“ನಾ ಮಾಡ್ತೀನಿ. ಆದ್ರ ನಾ ಬದುಕೀನಿ ಅಂತ ಯಾರು ಬರೀತಾರ?”

“ನಾವೇ ಸರ್, ಬ್ಯಾಂಕಿನವರು.”

“ನೀವು ನನ್ನ ನೋಡಾಕತ್ತಿದ್ದು ಇದ ಮೊದಲ. ಎದುರಿಗೆ ಯಾವನೋ ಒಬ್ಬ ಬದುಕಿದಾವ ಕುಂತಾನ ಅನ್ನೂದಷ್ಟ ನಿಮಗ ಗೊತ್ತು. ಹ್ವಾದ ವರ್ಷ ಬದುಕಿದ್ದಾವ ಇವನ ಅಂತ ಹೆಂಗ ಸಿದ್ಧ ಮಾಡ್ತೀರಿ?”

ಆಧಾರ್ ತೋರಿಸಿದೆ. ಅದರಲ್ಲಿದ್ದ ಫೋಟೋ ಅವರದೆಂದು ಅವರೇ ಒಪ್ಪಲಿಲ್ಲ. ಅದನ್ನು ನೋಡಿದರೆ ನನಗೂ ಒಪ್ಪಿಸಲು ಮನಸ್ಸಾಗಲಿಲ್ಲ. ಬೆರಳಿಟ್ಟರೆ ಯಂತ್ರ ಹಿಡಿಯಲಿಲ್ಲ. ಅಷ್ಟರಲ್ಲಿ ಚಹಾ ತಂದ ಕಾಕಾ, “ಏನ್ರಿ ಮಾಸ್ತರ, ಇನ್ನೂ ಅದೀರಿ?” ಎಂದರು. ಮಾಸ್ತರರು ನನ್ನತ್ತ ತಿರುಗಿ, “ನೋಡ್ರಿ, ಇದು ಪುರಾವೆ” ಎಂದು ಸಹಿ ಹಾಕಿದರು. ಆಮೇಲೆ ನನ್ನ ಕೈಬರಹದಲ್ಲಿ 7 ಮತ್ತು 1 ಒಂದೇ ಥರ ಕಾಣುತ್ತವೆಂದು ಹೇಳಿ, ಚಲನಿನ ಹಿಂಬದಿಯಲ್ಲಿ ಹತ್ತು ಸಲ 7 ಬರೆಸಿದರು. ಸಾಲಿನಲ್ಲಿದ್ದ ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ಅವರಲ್ಲಿ ಅರ್ಧ ಜನ ಅವರ ಹತ್ತಿರವೇ ಕಲಿತವರು, ಉಳಿದವರು ಪೆಟ್ಟು ತಿಂದವರು.

ಕೆಲಸಕ್ಕೆ ಸೇರಿದ ದಿನ ನನ್ನಿಂದ ಗೋಪ್ಯತೆಯ ಘೋಷಣೆಯೊಂದಕ್ಕೆ ಸಹಿ ಹಾಕಿಸಿಕೊಂಡಿದ್ದಾರೆ. ಗ್ರಾಹಕರ ವ್ಯವಹಾರವನ್ನು ಯಾರಿಗೂ ಬಾಯಿಬಿಡುವಂತಿಲ್ಲ. ಅಮ್ಮ ಫೋನು ಮಾಡಿ, “ಅಲ್ಲ್ ಮೀನ್ ಸಿಕ್ಕತ್ತಾ ಹೆಣೆ?” ಎಂದು ಶುರುಮಾಡಿ, “ನಿನ್ನ ಬ್ಯಾಂಕಿಗೆ ದೊಡ್ಡ ಕುಳ ಯಾರ್ ಬತ್ರ್?” ಎಂದು ಮುಗಿಸುವಾಗಲೂ ನಾನು ಮೀನಿನ ವಿಷಯವಷ್ಟೇ ಮಾತಾಡುತ್ತೇನೆ. ಊರಿನವರು ಅಂಥ ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಈ ಒಂದು ವ್ಯತ್ಯಾಸ ಎಷ್ಟು ದೊಡ್ಡದೆಂದು ಮೊನ್ನೆ ತಿಳಿಯಿತು.

ಗೃಹಲಕ್ಷ್ಮಿ ಕಂತು ತೆಗೆಯಲು ಬಂದ ಆಯಿಯೊಬ್ಬರು ಚೀಟಿಯನ್ನು ಮಗುಚಿ ಇಟ್ಟರು. ಹಿಂಬದಿಯಲ್ಲಿ ಬಾಲ್‌ಪೆನ್ನಿನಲ್ಲಿ ಒಂದು ಹೆಸರು, ನಕ್ಷತ್ರ, ಎತ್ತರ, ಓದು.

“ಇದೇನು ಆಯಿ?”

“ನನ್ನ ತಂಗೀ ಮಮ್ಮಗ. ಧಾರವಾಡದಾಗ ಕಲ್ತಾನ. ಈಗ ಇಲ್ಲೇ ಪವರ್‌ಲೂಮ್ ಹಾಕ್ಯಾನ, ಹೊಲಾನೂ ಐತಿ. ಖಾತೆ ನಿಮ್ಮಲ್ಲೇ ಐತಿ, ಕಂಪ್ಯೂಟರಿನ್ಯಾಗ ನೋಡು, ರೊಕ್ಕ ಎಷ್ಟ ಇಟ್ಟಾನ ತಿಳೀತೈತಿ.”

ಹಾಗೆಲ್ಲ ನೋಡುವಂತಿಲ್ಲ, ನೋಡಿದರೂ ಹೇಳುವಂತಿಲ್ಲ, ನಿಯಮವಿದೆ ಎಂದೆ.

“ನಿನಗ ಹೇಳಾಕ ಬರಾಂಗಿಲ್ಲಂದ್ರ ಬಿಡವಾ, ನಾ ಹೇಳ್ತೀನಿ. ನಾಕ ಲಕ್ಷದ ಮ್ಯಾಲ ಅದಾವ.”

“ಎಲ್ಲಿ ನಾಕ, ಆಯಿ?” ಹಿಂದೆ ನಿಂತವನೊಬ್ಬ ತಡೆದ. “ಟ್ರ್ಯಾಕ್ಟರ್ ಕಂತು ತುಂಬಿಲ್ಲೇನು ಹ್ವಾದ ವಾರ? ಈಗ ಎರಡೂವರಿ.”

“ಎರಡ ಲಕ್ಷ ಎಂಬತ್ತು,” ಎಂದರು ಬೆಂಚಿನ ಮೇಲೆ ಕೂತಿದ್ದ ಗಣಿತದ ಮಾಸ್ತರರು, ಪೇಪರಿನಿಂದ ತಲೆ ಎತ್ತದೆ.

ಕಾಕಾ ಪ್ರಿಂಟರಿನ ಪಕ್ಕದಿಂದಲೇ ಹೌದೆಂದು ತಲೆಯಾಡಿಸಿದರು. ಗದ್ದಲ ಕೇಳಿ ಮ್ಯಾನೇಜರು ಕ್ಯಾಬಿನ್ನಿನಿಂದ ಹೊರಬಂದು, ಚೀಟಿಯನ್ನು ತಿರುಗಿಸಿ ನೋಡಿ, ಹೊಸದಾಗಿ ಕಲಿತ ಕನ್ನಡದಲ್ಲಿ, “ಎತ್ತರ ಚೆನ್ನಾಗಿ ಉಂದಿ” ಎಂದು ಒಳಗೆ ಹೋದರು.

ನಾನು ಚೀಟಿಯ ಮುಂಬದಿಗೆ ಮಾತ್ರ ಮುದ್ರೆ ಒತ್ತಿ 2000 ರೂಪಾಯಿ ಎಣಿಸಿ ಕೊಟ್ಟೆ. ಆಯಿ ಅದನ್ನು ಎರಡು ಸಲ ಎಣಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು, “ಅವಸರಿಲ್ಲವಾ, ವಿಚಾರ ಮಾಡಿ ಹೇಳು. ಮುಂದಿನ ಕಂತಿಗೆ ಬರ್ತೀನಿ” ಎಂದು ಹೊರಟರು. ಮುಂದಿನ ಕಂತು ಯಾವಾಗ ಬೀಳುತ್ತದೆಂದು ನಮ್ಮ ಕಂಪ್ಯೂಟರಿನಲ್ಲಿ ಮೊದಲೇ ತಿಳಿಯುವುದಿಲ್ಲ. ಮಾಸ್ತರರನ್ನು ಕೇಳಬಹುದಿತ್ತು, ಕೇಳಲಿಲ್ಲ.