ಟೆಂಪೋ, ಡಕೋಟಾ, ಬಾಡಿಗಿ

(ಯಡ್ರಾವದ ಚಹಾದಂಗಡಿ. ಮಗ್ಗಗಳ ಖಟಖಟಿಯಲ್ಲಿ ಇಲ್ಲಿ ಗುಟ್ಟನ್ನೂ ಕೂಗಿಯೇ ಹೇಳಬೇಕು. ಅಳಿಯ ಟೆಂಪೋ ಮಾಲೀಕ, ಮಾವ ಮಾಜಿ ಸೈನಿಕ.)

ಅಳಿಯ: ಮಾವಾ, ಇಲೆಕ್ಷನ್ ಡ್ಯೂಟಿಗಂತ ನನ್ನ ಟೆಂಪೋ ಹಿಡ್ಕೊಂಡು ಹೋದ್ರು. ಅಷ್ಟು ದೊಡ್ಡ ಸರಕಾರಕ್ಕ ಸ್ವಂತ ಗಾಡಿ ಇಲ್ಲೇನ್ರಿ?

ಮಾವ: ನಿನ್ನ ಟೆಂಪೋದ್ದೇನ್ ಹಚ್ಚೀಯೋ! 1947ರ ಅಕ್ಟೋಬರ್ 27ಕ್ಕ ಶ್ರೀನಗರ ಉಳಸಾಕ ಫೌಜು ಹೊಂಟಾಗ, ಖಾಸಗಿ ಕಂಪನಿಗಳ ಡಕೋಟಾ ವಿಮಾನಾನೂ ಹಿಡಿದಿದ್ರು.

ಅಳಿಯ: ಬಾಡಿಗಿ?

ಮಾವ: ಯುದ್ಧ ಅಂದ್ರ ಮೊದಲ ಅದನ್ನ ಕೇಳ್ತಿ!

ಅಳಿಯ: ಸಾಲದ ಕಂತು ದೇಶಭಕ್ತಿ ನೋಡಂಗಿಲ್ರಿ.

ಮಾವ: ಅಮೆರಿಕಾದವರು ಶಾಣ್ಯಾರು. ಶಾಂತಿ ಇದ್ದಾಗ ಸೈನ್ಯದ ಬಾಡಿಗಿ ಕಂಪನಿಗಳಿಗೆ ಕೊಡ್ತಾರ, ಕರೆದಾಗ ವಿಮಾನ ಬರಬೇಕು ಅಂತ ಮೊದಲ ಕರಾರು. 2021ರಾಗ ಕಾಬೂಲಿನ ಮಂದಿ ಸಾಗಸಾಕ 18 ವಿಮಾನ ಕರೆದ್ರು.

ಅಳಿಯ: ಕಾಬೂಲಿಗೇ ಹೋದ್ವೇನ್ರಿ?

ಮಾವ: ಇಲ್ಲೋ. ಗುಂಡಿನ ಊರಿಂದ ಸೈನ್ಯದ ವಿಮಾನ. ಅಲ್ಲಿಂದ ಮುಂದಿನ ಸುರಕ್ಷಿತ ದಾರಿಗೆ ಇವು.

ಅಳಿಯ: ತಿಳೀತು. 2019ರ ಪಂಚಗಂಗಾ ಮಹಾಪೂರದಾಗ ನೀರಿಗೆ ಬೋಟು, ಡಾಂಬರಿಗೆ ಟೆಂಪೋ.

ಮಾವ: ನಮ್ಮಲ್ಲೂ 1990ರಾಗ ಇರಾಕ್ ದಾಳಿಗೆ ಸಿಕ್ಕ ಕುವೈತಿನ ಲಕ್ಷಕ್ಕೂ ಮಿಕ್ಕಿದ ನಮ್ಮ ಮಂದೀನ ಜೋರ್ಡಾನಿನ ಅಮ್ಮಾನದಿಂದ ತಂದದ್ದು ಏರ್ ಇಂಡಿಯಾ. ಆಗ ಅದು ಸರಕಾರದ್ದ. 2022ರ ಜನವರಿಯೊಳಗ ಟಾಟಾದವರ ಕೈಗೆ ಕೊಟ್ರು. ಫೆಬ್ರವರಿಗೆ ಉಕ್ರೇನ್ ಯುದ್ಧ!

ಅಳಿಯ: ಗಾಡಿ ಮಾರಿದ ಮರುತಿಂಗಳ ಮನ್ಯಾಗ ಲಗ್ನ ಬಂದಂಗಾತು.

ಮಾವ: ಅಲ್ಲಿ ಸಿಕ್ಕ ನಮ್ಮ ಮಂದೀನ ತಂದ ಆಪರೇಷನ್ ಗಂಗಾದ 90 ಫ್ಲೈಟಿನಾಗ 76 ನಾಗರಿಕ ವಿಮಾನದ್ವು. ಖರ್ಚು ಸರಕಾರದ್ದ.

ಅಳಿಯ: ಹೌದಾ? ಹಂಗಾದ್ರ ಪೇಂಟರ್‌ನ ಕರೀರಿ ಮಾವಾ, ಟೆಂಪೋಕ್ಕ ಎರಡು ರೆಕ್ಕಿ ಬರಸೋಣು.